ಬೆಳಗಾವಿಯಿಂದ ಪರದೇಶಕ್ಕೆ ಹೊರಟವರಿಗೆ: ಯಾವ ಊರಲ್ಲಿ ಯಾವ ಟ್ಯಾಕ್ಸಿ

ಬೆಳಗಾವಿಯ ಬಸ್ ಸ್ಟ್ಯಾಂಡ್ ಮುಂದೆ ಆಟೊ ಹತ್ತುವ ಮೊದಲು ನಾವೆಲ್ಲ ಮಾಡುವುದು ಒಂದೇ ಕೆಲಸ. "ಶಹಾಪುರಕ್ಕ ಎಷ್ಟ್ರಿ?" ಅಂತ ಕೇಳುತ್ತೇವೆ. ಅವರೊಂದು ಹೇಳುತ್ತಾರೆ, ನಾವೊಂದು ಹೇಳುತ್ತೇವೆ, ನಡುವೆ ಎಲ್ಲೋ ಮಾತು ಕುದುರುತ್ತದೆ. ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರ ಟಾಂಗಾ ಹತ್ತಿದರೂ ಇದೇ, ಬಾಗಲಕೋಟೆಯಲ್ಲಿ ಹಳೇ ಊರಿಂದ ನವನಗರಕ್ಕೆ ಆಟೊ ಮಾಡಿದರೂ ಇದೇ. ಮೀಟರ್ ನೋಡಿ ದುಡ್ಡು ಕೊಟ್ಟ ನೆನಪು ನಮ್ಮಲ್ಲಿ ಬಹಳ ಮಂದಿಗೆ ಇರಲಿಕ್ಕಿಲ್ಲ.

ಈಗ ನಮ್ಮ ಕಡೆಯಿಂದ ಪರದೇಶಕ್ಕೆ ಹೋಗುವವರು ಜಾಸ್ತಿ ಆಗಿದ್ದಾರೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ತಾಯಂದಿರು, ಉಮ್ರಾಕ್ಕೆ ಹೊರಟವರು, ಮುಕ್ತಿನಾಥಕ್ಕೆ ಅಂತ ನೇಪಾಳಕ್ಕೆ ಹೋಗುವವರು, ರಜೆಯಲ್ಲಿ ಬ್ಯಾಂಕಾಕ್, ಸಿಂಗಪುರ ನೋಡಿ ಬರುವ ಕುಟುಂಬಗಳು. ಟಿಕೆಟ್ಟು, ವೀಸಾ, ಹೋಟೆಲ್ ಎಲ್ಲವನ್ನೂ ತಿಂಗಳು ಮೊದಲೇ ನೋಡಿಕೊಳ್ಳುತ್ತಾರೆ. ಟ್ಯಾಕ್ಸಿ ಮಾತು ಬಂದರೆ ಮಾತ್ರ "ಅಲ್ಲಿ ಹೋದ ಮ್ಯಾಲೆ ನೋಡೂಣು" ಅಂದುಬಿಡುತ್ತಾರೆ. ದುಡ್ಡೂ ನೆಮ್ಮದಿಯೂ ಸೋರುವುದು ಅಲ್ಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟ್ಯಾಕ್ಸಿ ಆರಿಸುವಾಗ ಕಿಲೋಮೀಟರಿಗೆ ಎಷ್ಟು ಅನ್ನುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ ಬೇರೆ ಇದೆ: ಬಾಡಿಗೆ ಯಾವಾಗ ತೀರ್ಮಾನ ಆಗುತ್ತದೆ, ಯಾರು ತೀರ್ಮಾನ ಮಾಡುತ್ತಾರೆ? ಹತ್ತುವ ಮೊದಲೇ ಫೋನಿನಲ್ಲಿ ಕಂಡರೆ ಅದು ಆ್ಯಪ್. ಇಳಿಯುವಾಗ ಯಂತ್ರ ಹೇಳಿದರೆ ಮೀಟರ್. ಸರ್ಕಾರ ಗೊತ್ತು ಮಾಡಿದ್ದರೆ ನಿಗದಿ ದರ. ಬಾಯಿಮಾತಲ್ಲಿ ಆದರೆ ಚೌಕಾಶಿ. ನಾವು ಪಳಗಿರುವುದು ಈ ಕೊನೆಯದರಲ್ಲಿ. ಪರದೇಶದಲ್ಲಿ ನಾವು ಸೋಲುವುದೂ ಅದರಲ್ಲೇ. ಏಕೆಂದರೆ ಶಹಾಪುರಕ್ಕೆ ನ್ಯಾಯದ ಬಾಡಿಗೆ ಎಷ್ಟು ಅಂತ ನಮಗೆ ಗೊತ್ತು. ಬ್ಯಾಂಕಾಕಿನ ಸುಖುಮ್ವಿತ್‌ಗೆ ಎಷ್ಟು ಅಂತ ಗೊತ್ತಿರುವುದಿಲ್ಲ. ಸರಿ ದರ ಗೊತ್ತಿಲ್ಲದವರು ಅರ್ಧಕ್ಕೆ ಇಳಿಸಿದರೂ ಡಬಲ್ ಕೊಟ್ಟಿರಬಹುದು.

ಇಳಿದ ಕೂಡಲೇ ಹತ್ತುವ ಗಾಡಿ

ಮೊದಲ ಸವಾರಿಯನ್ನು ಉಳಿದೆಲ್ಲ ಸವಾರಿಗಳಿಂದ ಬೇರೆ ಇಟ್ಟು ಯೋಚಿಸಿ. ನಮ್ಮವರು ವಿಮಾನ ಇಳಿಯುವ ಹೊತ್ತಿಗೆ ಎಷ್ಟು ದಣಿದಿರುತ್ತಾರೆ ನೋಡಿ. ಬೆಂಗಳೂರಿಗೋ ಮುಂಬೈಗೋ ಒಂದು ರಾತ್ರಿಯ ಬಸ್ಸು ಅಥವಾ ರೈಲು, ಇಲ್ಲವೇ ಚೋರ್ಲಾ ಘಾಟ್ ಇಳಿದು ಗೋವಾ. ಅಲ್ಲಿಂದ ವಿಮಾನ, ನಡುವೆ ಇನ್ನೊಂದು ವಿಮಾನ. ಕೈಯಲ್ಲಿ ಕುಂದಾ, ಕರದಂಟು, ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಆ ಹೊತ್ತಿನಲ್ಲಿ ಬಾಗಿಲ ಹೊರಗೆ ಒಬ್ಬ ಬಂದು "ಟ್ಯಾಕ್ಸಿ ಸರ್, ಗುಡ್ ಪ್ರೈಸ್" ಅಂದರೆ ತಲೆ ತಾನಾಗಿ ಆಡುತ್ತದೆ. ಆದ್ದರಿಂದ ಈ ಒಂದು ಸವಾರಿಯ ತೀರ್ಮಾನ ಮನೆಯಲ್ಲೇ ಆಗಿರಬೇಕು. ವಿಮಾನ ನಿಲ್ದಾಣದ ಒಳಗೆ ತಾವಾಗಿ ಬಂದು ಕರೆಯುವವರ ಗಾಡಿ ಯಾವ ದೇಶದಲ್ಲೂ ಬೇಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಉಳಿಯುವುದು ಮೂರು ದಾರಿ: ನಿಲ್ದಾಣದ ಅಧಿಕೃತ ಟ್ಯಾಕ್ಸಿ ಪಾಳಿ, ಆ್ಯಪ್, ಮೊದಲೇ ಬುಕ್ ಮಾಡಿದ ಗಾಡಿ.

ಅಧಿಕೃತ ಪಾಳಿಯನ್ನು ನಮ್ಮವರು ಕಡೆಗಣಿಸುತ್ತಾರೆ. ನನಗಂತೂ ಎಷ್ಟೋ ಊರುಗಳಲ್ಲಿ ಅದೇ ಮೊದಲ ಆಯ್ಕೆ. ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣವನ್ನೇ ನೋಡಿ. ನೆಲದ ಮಟ್ಟದ ಮಹಡಿಗೆ ಇಳಿದು ಹೊರಗೆ ಬಂದರೆ ಯಂತ್ರಗಳು ಸಾಲಾಗಿ ನಿಂತಿರುತ್ತವೆ. ಪರದೆ ಮುಟ್ಟಿದರೆ ಒಂದು ಚೀಟಿ ಬರುತ್ತದೆ. ಅದರ ಮೇಲೆ ಒಂದು ಸಂಖ್ಯೆ. ಅದೇ ಸಂಖ್ಯೆಯ ಜಾಗದಲ್ಲಿ ನಿಮ್ಮ ಟ್ಯಾಕ್ಸಿ ನಿಂತಿರುತ್ತದೆ. ಯಾರೊಂದಿಗೂ ಮಾತಾಡಬೇಕಿಲ್ಲ. ಬಾಡಿಗೆ ಮೀಟರಿನಂತೆ, ಮೇಲೆ ವಿಮಾನ ನಿಲ್ದಾಣದ್ದು ಅಂತ 50 ಬಾತ್. ಎಕ್ಸ್‌ಪ್ರೆಸ್‌ವೇ ಮೇಲೆ ಹೋದರೆ ಟೋಲ್ ನೀವೇ ಕೊಡಬೇಕು. ಟೋಲ್ ಗೇಟ್ ಬಂದಾಗ ಡ್ರೈವರ್ ಹಿಂದೆ ತಿರುಗಿ ಕೈ ಚಾಚುತ್ತಾನೆ. ಅದನ್ನು ಮೋಸ ಅಂದುಕೊಂಡು ಜಗಳ ತೆಗೆಯಬೇಡಿ, ಅಲ್ಲಿನ ಪದ್ಧತಿಯೇ ಹಾಗೆ. ಗಾಡಿ ಹೊರಟ ಮೇಲೆ ಮೀಟರ್ 35 ಬಾತ್‌ನಿಂದ ಶುರು ಆಗಿದೆಯಾ ಅಂತ ಒಮ್ಮೆ ನೋಡಿ. ದೊಡ್ಡ ಗಾಡಿಯಾದರೆ ಸ್ವಲ್ಪ ಜಾಸ್ತಿ ಇರುತ್ತದೆ. ಆ ಚೀಟಿಯನ್ನು ಡ್ರೈವರಿಗೆ ಕೊಟ್ಟುಬಿಡಬೇಡಿ. ಗಾಡಿಯಲ್ಲಿ ಬ್ಯಾಗ್ ಮರೆತರೆ, ತಕರಾರು ಆದರೆ ಹಿಡಿದು ಕೇಳಲಿಕ್ಕೆ ಅದೊಂದೇ ಆಧಾರ. ಹೋಗುವಾಗ ಕೈಯಲ್ಲಿ ನೂರರ ನೋಟುಗಳಿರಲಿ. ಸಾವಿರದ ನೋಟು ಕೊಟ್ಟರೆ ಚಿಲ್ಲರೆ ಇಲ್ಲ ಅನ್ನುವ ಮಾತು ಅಲ್ಲೂ ಕೇಳಬೇಕಾಗುತ್ತದೆ.

ದುಬೈನಲ್ಲೂ ಪಾಳಿಯೇ ವಾಸಿ. ಕೆನೆ ಬಣ್ಣದ ಗಾಡಿಗಳು, ಮೇಲ್ಛಾವಣಿ ಮಾತ್ರ ಕೆಂಪು ಮೊದಲಾದ ಬೇರೆ ಬೇರೆ ಬಣ್ಣ. ಗುಲಾಬಿ ಛಾವಣಿಯದು ಹೆಂಗಸರಿಗೆ ಮತ್ತು ಕುಟುಂಬಗಳಿಗೆ, ಓಡಿಸುವವರೂ ಹೆಂಗಸರೇ. ವಿಮಾನ ನಿಲ್ದಾಣದಲ್ಲಿ ಹತ್ತಿದರೆ ಮೀಟರ್ 25 ದಿರ್ಹಮ್‌ನಿಂದ ಶುರು ಆಗುತ್ತದೆ. ಊರೊಳಗೆ ಹತ್ತಿದರೆ ಅದಕ್ಕಿಂತ ಬಹಳ ಕಡಿಮೆಯಿಂದ. ಸಾಲಿಕ್ ಅನ್ನುವ ಟೋಲ್ ಮೇಲೆ ಸೇರುತ್ತದೆ. ಇಲ್ಲಿ ಒಂದು ವಿಶೇಷ ಇದೆ. ನಮ್ಮಲ್ಲಿ ಆ್ಯಪ್ ಅಂದರೆ ಅಗ್ಗ ಅನ್ನುವ ನಂಬಿಕೆ. ದುಬೈನಲ್ಲಿ ಅದು ತಲೆಕೆಳಗು: ಆ್ಯಪ್‌ನಲ್ಲಿ ಬರುವ ಲಿಮೋಸಿನ್, ಅಂದರೆ ಮೇಲ್ದರ್ಜೆಯ ಖಾಸಗಿ ಗಾಡಿ, ಮಾಮೂಲಿ ಟ್ಯಾಕ್ಸಿಗಿಂತ ತುಟ್ಟಿ. ಆ್ಯಪ್‌ನಲ್ಲೇ ಕರೆಯಬೇಕು ಅಂದರೆ ಕರೀಮ್ ತೆರೆದು ಹಲಾ ಟ್ಯಾಕ್ಸಿ ಆರಿಸಿ. ಬರುವುದು ಅದೇ ಕೆನೆ ಬಣ್ಣದ ಮೀಟರ್ ಗಾಡಿ. ಭಾಷೆಯ ಚಿಂತೆಯಂತೂ ಬೇಡವೇ ಬೇಡ. ಡ್ರೈವರುಗಳಲ್ಲಿ ಪಾಕಿಸ್ತಾನ, ಕೇರಳ, ಬಾಂಗ್ಲಾ, ನೇಪಾಳದವರು ಬಹಳ. ವಿಜಯಪುರದ ದಖನಿ ಮಾತಾಡುವವರಿಗೆ ಮೊದಲ ನಿಮಿಷದಲ್ಲೇ ಮಾತು ಹತ್ತುತ್ತದೆ.

ಕೆಲವು ಊರುಗಳಲ್ಲಿ ಸರ್ಕಾರವೇ ವಿಮಾನ ನಿಲ್ದಾಣದ ದರ ಕಟ್ಟಿಬಿಟ್ಟಿದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ನ್ಯೂಯಾರ್ಕಿನ ಜೆಎಫ್‌ಕೆಯಿಂದ ಮ್ಯಾನ್‌ಹಟನ್‌ಗೆ ಹಳದಿ ಟ್ಯಾಕ್ಸಿಗೆ 70 ಡಾಲರ್, ಮೇಲೆ ಟೋಲ್, ಸಣ್ಣಪುಟ್ಟ ಸರ್‌ಚಾರ್ಜ್, ಟಿಪ್ಸ್. ಪ್ಯಾರಿಸ್ಸಿನ ಚಾರ್ಲ್ಸ್ ಡಿ ಗಾಲ್ ನಿಲ್ದಾಣದಿಂದ ಸೇನ್ ನದಿಯ ಬಲದಂಡೆಗೆ 56 ಯೂರೊ, ಎಡದಂಡೆಗೆ 65. ಬ್ಯಾಗ್ ಎಷ್ಟಿದ್ದರೂ, ಟ್ರಾಫಿಕ್ ಎಷ್ಟಿದ್ದರೂ ಅಷ್ಟೇ. ಇಂಥ ದರಗಳು ಆಗಾಗ ಪರಿಷ್ಕರಣೆ ಆಗುತ್ತವೆ. ಹೊರಡುವ ವಾರ ವಿಮಾನ ನಿಲ್ದಾಣದ ವೆಬ್‌ಸೈಟಿನಲ್ಲಿ ನೋಡಿ ಡೈರಿಯಲ್ಲಿ ಬರೆದುಕೊಳ್ಳಿ. ಕಾಠ್ಮಂಡುವಿನಲ್ಲಿ ಒಳಗೇ ಪ್ರಿಪೇಯ್ಡ್ ಕೌಂಟರ್ ಇದೆ. ಹೊರಗೆ ಬಂದು ಚೌಕಾಶಿ ಮಾಡುವುದಕ್ಕಿಂತ ಅಲ್ಲಿ ಚೀಟಿ ಮಾಡಿಸುವುದು ಮೇಲು.

ಹಾಗಾದರೆ ಮೊದಲೇ ಬುಕ್ ಮಾಡಿದ ಗಾಡಿ ಯಾರಿಗೆ? ವಯಸ್ಸಾದವರಿಗೆ, ವೀಲ್‌ಚೇರ್ ಬೇಕಾದವರಿಗೆ, ಕೂಸು ಎತ್ತಿಕೊಂಡು ನಡುರಾತ್ರಿ ಇಳಿಯುವವರಿಗೆ. ಪಾಳಿಗಿಂತಲೂ ಆ್ಯಪ್‌ಗಿಂತಲೂ ಜಾಸ್ತಿ ಬೀಳುತ್ತದೆ, ಆದರೆ ಇಂಥವರ ಮಟ್ಟಿಗೆ ಆ ದುಡ್ಡು ದಂಡ ಅಲ್ಲ. ಬುಕ್ ಮಾಡುವಾಗ ವಿಮಾನದ ನಂಬರ್ ಕೊಡಿ, ವಿಮಾನ ತಡವಾದರೆ ಅವರಿಗೆ ತಿಳಿಯುತ್ತದೆ. ಎಷ್ಟು ಹೊತ್ತು ಪುಕ್ಕಟೆ ಕಾಯುತ್ತಾರೆ ಅಂತಲೂ ಕೇಳಿ. ಇಮಿಗ್ರೇಶನ್ ಪಾಳಿಯಲ್ಲೇ ಗಂಟೆ ಹೋಗುವುದುಂಟು. ಹೊರಗೆ ನಿಮ್ಮ ಹೆಸರಿನ ಬೋರ್ಡ್ ಹಿಡಿದವರು ಕಂಡರೆ ಕೂಡಲೇ ಬ್ಯಾಗ್ ಕೊಡಬೇಡಿ. ಯಾವ ಹೋಟೆಲಿಗೆ ಅಂತ ನೀವು ಹೇಳಬೇಡಿ, ಅವರು ಹೇಳಲಿ.

ಆ್ಯಪ್: ಫೋನ್ ತಯಾರಿದ್ದರೆ ಮಾತ್ರ

"ಅಲ್ಲಿ ಓಲಾ, ಉಬರ್ ಅದಾವೇನ್ರಿ?" ನನ್ನನ್ನು ಜನ ಹೆಚ್ಚು ಕೇಳುವ ಪ್ರಶ್ನೆ ಇದು. ಓಲಾ ಇಲ್ಲ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಇತ್ತು, 2024ರಲ್ಲಿ ಅಲ್ಲಿಂದ ಹೊರಬಂತು. ಉಬರ್ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಸೌದಿ, ಯುಎಇ, ಶ್ರೀಲಂಕಾದಲ್ಲಿ ಇದೆ. ಇಲ್ಲಿ ಬಳಸುವ ಅದೇ ಖಾತೆ ಅಲ್ಲೂ ನಡೆಯುತ್ತದೆ, ಹೊಸದು ಮಾಡಬೇಕಿಲ್ಲ. ಆದರೆ ಸಿಂಗಪುರ, ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾ, ವಿಯೆಟ್ನಾಂನಲ್ಲಿ ಉಬರ್ ತೆರೆದು ಕೂತರೆ ಪ್ರಯೋಜನ ಇಲ್ಲ. 2018ರಲ್ಲೇ ಅದು ಆಗ್ನೇಯ ಏಷ್ಯಾದ ತನ್ನ ವ್ಯವಹಾರವನ್ನು ಗ್ರ್ಯಾಬ್‌ಗೆ ಮಾರಿತು. ಅಲ್ಲೆಲ್ಲ ಗ್ರ್ಯಾಬ್ ಬೇಕು. ನೇಪಾಳಕ್ಕೆ ಪಠಾವೊ ಅಥವಾ ಇನ್‌ಡ್ರೈವ್, ಶ್ರೀಲಂಕಾಕ್ಕೆ ಪಿಕ್‌ಮಿ.

ಯಾವ ಆ್ಯಪ್ ಅನ್ನುವುದಕ್ಕಿಂತ ಅದನ್ನು ಎಲ್ಲಿ ಕೂತು ಹಾಕಿಕೊಂಡಿರಿ ಅನ್ನುವುದು ಮುಖ್ಯ. ಇಲ್ಲೇ, ಮನೆಯಲ್ಲೇ ಹಾಕಿಕೊಳ್ಳಿ. ನಿಮ್ಮ ನಂಬರಿಗೆ ಒಟಿಪಿ ಬರುವುದು ಇಲ್ಲಿದ್ದಾಗ ಸಲೀಸು. ಅಲ್ಲಿ ಇಳಿದು, ರೋಮಿಂಗ್ ಇಲ್ಲದ ಸಿಮ್ಮಿಗೆ ಒಟಿಪಿ ಕಾಯುತ್ತ ನಿಂತವರ ಮುಖ ನೋಡಲಿಕ್ಕಾಗುವುದಿಲ್ಲ.

ಇನ್ನು ಕಾರ್ಡ್. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ವಿದೇಶದ ಬಳಕೆಯನ್ನು ನೀವೇ ಬ್ಯಾಂಕ್ ಆ್ಯಪ್‌ನಲ್ಲೋ ಶಾಖೆಯಲ್ಲೋ ಚಾಲು ಮಾಡಿಸಬೇಕು. ಚಾಲು ಮಾಡುವಾಗ ಮಿತಿಯನ್ನೂ ಹಾಕಿಕೊಳ್ಳಿ. ಯುಪಿಐ ಕೆಲವು ದೇಶಗಳ ಅಂಗಡಿಗಳಲ್ಲಿ ನಡೆಯುತ್ತದೆ ನಿಜ, ಅದನ್ನು ನೆಚ್ಚಿಕೊಂಡು ಟ್ಯಾಕ್ಸಿ ಹತ್ತಬೇಡಿ. ಕಾರ್ಡ್ ಉಜ್ಜುವಾಗ ಯಂತ್ರ "ರೂಪಾಯಿಯಲ್ಲಾ, ಇಲ್ಲಿನ ಹಣದಲ್ಲಾ" ಅಂತ ಕೇಳಿದರೆ ಅಲ್ಲಿನ ಹಣವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರದೇ ದರದಲ್ಲಿ ಲೆಕ್ಕ ಹಾಕುತ್ತಾರೆ, ಅದು ತುಟ್ಟಿ.

ಆ್ಯಪ್‌ನ ದೊಡ್ಡ ಗುಣ ಅಂದರೆ ಭಾಷೆಯ ಗೋಡೆ ಬಿದ್ದುಹೋಗುತ್ತದೆ. ಎಲ್ಲಿಗೆ ಹೋಗಬೇಕು ಅಂತ ಡ್ರೈವರಿಗೆ ಮ್ಯಾಪೇ ಹೇಳುತ್ತದೆ. ಥಾಯ್ ಬರದಿದ್ದರೂ, ವಿಯೆಟ್ನಾಮಿ ಬರದಿದ್ದರೂ ನಡೆಯುತ್ತದೆ. ಬಾಡಿಗೆ ಮೊದಲೇ ಗೊತ್ತು, ದಾರಿಯ ದಾಖಲೆ ಉಳಿಯುತ್ತದೆ, ಮನೆಯವರಿಗೆ ಲಿಂಕ್ ಕಳಿಸಬಹುದು. ದೋಷವೂ ಅಷ್ಟೇ ದೊಡ್ಡದು: ಮಳೆ ಬಂದರೆ, ಆಫೀಸ್ ಬಿಡುವ ಹೊತ್ತಾದರೆ ದರ ಜಿಗಿಯುತ್ತದೆ. ಮೀಟರ್ ಟ್ಯಾಕ್ಸಿ ಹಾಗೆ ಜಿಗಿಯುವುದಿಲ್ಲ. ಹೆಚ್ಚಳ ಅಲ್ಲೂ ಇರುತ್ತದೆ, ಆದರೆ ಇಷ್ಟೇ ಅಂತ ಬರೆದಿಟ್ಟದ್ದು. ಸಿಂಗಪುರದ ಟ್ಯಾಕ್ಸಿಗಳಲ್ಲಿ ದಟ್ಟಣೆಯ ಹೊತ್ತಿಗೆ ಶೇಕಡಾ 25, ನಡುರಾತ್ರಿಯಿಂದ ಬೆಳಗಿನ 6ರವರೆಗೆ ಶೇಕಡಾ 50 ಜಾಸ್ತಿ. ಹಾಗಾಗಿ ಮಳೆ ಸುರಿಯುವಾಗ ಆ್ಯಪ್ ನೋಡಿ, ಪಕ್ಕದಲ್ಲೇ ಟ್ಯಾಕ್ಸಿ ಪಾಳಿ ಇದೆಯಾ ಅಂತಲೂ ನೋಡಿ. ಅಲ್ಲಿ ನಿಂತೇ ಎರಡನ್ನೂ ಹೋಲಿಸಬಹುದು.

ಅಮೆರಿಕದಲ್ಲಿ ಮಾತ್ರ ಆಯ್ಕೆ ಕಡಿಮೆ. ನ್ಯೂಯಾರ್ಕಿನಂಥ ದೊಡ್ಡ ಊರು ಬಿಟ್ಟರೆ ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸಲಿಕ್ಕೆ ಟ್ಯಾಕ್ಸಿ ಸಿಗುವುದು ಕಷ್ಟ. ನಮ್ಮ ಮಕ್ಕಳು ಮನೆ ಮಾಡಿಕೊಂಡಿರುವ ಬಡಾವಣೆಗಳಲ್ಲಿ ಉಬರ್ ಅಥವಾ ಲಿಫ್ಟ್ ಆ್ಯಪ್ ಅಷ್ಟೇ. ಅಲ್ಲಿಗೆ ಹೋಗುವ ತಂದೆತಾಯಿಗೆ ನಾನು ಹೇಳುವುದು: ಆ್ಯಪ್ ಕಲಿಯಿರಿ, ಆದರೆ ಮೊದಲ ದಿನಗಳಲ್ಲಿ ಮಗ, ಮಗಳು ತಮ್ಮ ಫೋನಿಂದಲೇ ನಿಮ್ಮ ಹೆಸರಿಗೆ ಗಾಡಿ ಕರೆಯಲಿ. ಉಬರ್‌ನಲ್ಲಿ ಬೇರೆಯವರಿಗಾಗಿ ಬುಕ್ ಮಾಡುವ ಸೌಲಭ್ಯ ಇದೆ.

ಹಾಗೆ ಕರೆದಾಗ ಗಮನಿಸಬೇಕಾದ ಒಂದು ವಿಷಯ ಇದೆ. ನಮ್ಮಲ್ಲಿ ಗಾಡಿ ಹತ್ತಿದ ಕೂಡಲೇ ಡ್ರೈವರ್ ಒಟಿಪಿ ಕೇಳುತ್ತಾರೆ. ನಾಲ್ಕು ಅಂಕಿ ಸರಿಯಾದರೆ ಗಾಡಿ ಸರಿ ಅಂತ ಅರ್ಥ. ಎಷ್ಟೋ ದೇಶಗಳಲ್ಲಿ ಹಾಗೆ ಕೇಳುವುದೇ ಇಲ್ಲ. ಗಾಡಿ ಬಂದು ನಿಲ್ಲುತ್ತದೆ, ಹತ್ತುತ್ತೀರಿ, ಹೊರಡುತ್ತದೆ. ತಪ್ಪು ಗಾಡಿ ಹತ್ತಿದ್ದೀರಾ ಅಂತ ನೋಡುವ ಹೊಣೆ ಪೂರ್ತಿ ನಿಮ್ಮದು. ನಮ್ಮ ಅತ್ತೆಯವರು ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿದ್ದಾರೆ. ಮಗಳು ಕಳಿಸಿದ ನಂಬರ್ ಪ್ಲೇಟಿನ ಕೊನೆಯ ಮೂರು ಅಕ್ಷರವನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೆ. ಗಾಡಿ ಬಂದರೆ ಅಂಗೈ ಬಿಚ್ಚಿ ನೋಡುತ್ತಾರೆ, ಪ್ಲೇಟ್ ನೋಡುತ್ತಾರೆ, ಆಮೇಲೆ "ಯಾರಿಗಾಗಿ ಬಂದೀರಿ?" ಅಂತ ಇಂಗ್ಲಿಷಿನ ಎರಡೇ ಶಬ್ದದಲ್ಲಿ ಕೇಳುತ್ತಾರೆ. ಹೆಸರು ಡ್ರೈವರ್ ಬಾಯಿಂದ ಬರಬೇಕು. ಬಂದ ಮೇಲೆಯೇ ಬಾಗಿಲಿಗೆ ಕೈ. ಇದಕ್ಕಿಂತ ಭದ್ರವಾದ ವಿಧಾನ ನಾನು ಕಂಡಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ, ಫೀನಿಕ್ಸ್ ಕಡೆ ಹೋದವರಿಗೆ ಡ್ರೈವರೇ ಇಲ್ಲದ ವೇಮೊ ಟ್ಯಾಕ್ಸಿಯೂ ಸಿಗುತ್ತದೆ. ಮಕ್ಕಳ ಜೊತೆ ಒಮ್ಮೆ ಹತ್ತಿ ನೋಡಿ, ಸ್ಟೀರಿಂಗ್ ತಾನೇ ತಿರುಗುವುದನ್ನು ನೋಡುವುದೇ ಒಂದು ಅನುಭವ.

ಲಂಡನ್: ಕಪ್ಪು ಕ್ಯಾಬಾ, ಮಿನಿಕ್ಯಾಬಾ

ಲಂಡನ್ನಿನ ಕಪ್ಪು ಕ್ಯಾಬ್ ಬಗ್ಗೆ ನನಗೆ ತುಂಬಾ ಗೌರವ. ಅದನ್ನು ಓಡಿಸುವವರು ‘ನಾಲೆಜ್’ ಅನ್ನುವ ಪರೀಕ್ಷೆ ಪಾಸಾಗಿರಬೇಕು. 1865ರಿಂದ ನಡೆದು ಬಂದ ಪರೀಕ್ಷೆ ಅದು. ಚಾರಿಂಗ್ ಕ್ರಾಸ್ ಸುತ್ತಲಿನ 6 ಮೈಲಿಯೊಳಗಿನ ಸುಮಾರು 25,000 ಬೀದಿಗಳು ಬಾಯಿಪಾಠ ಆಗಿರಬೇಕು. ಮೂರು-ನಾಲ್ಕು ವರ್ಷ ಓದಿದರೂ ಆಶ್ಚರ್ಯ ಇಲ್ಲ. ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸುವ ಹಕ್ಕು ಇರುವುದು ಈ ಗಾಡಿಗೆ ಮಾತ್ರ. ಮುಂದಿನ ದೀಪ ಹಳದಿಯಾಗಿ ಬೆಳಗುತ್ತಿದ್ದರೆ ಖಾಲಿ ಇದೆ ಅಂತ. ಹತ್ತುವ ಮೊದಲು ಕಿಟಕಿ ಹತ್ತಿರ ನಿಂತು ಎಲ್ಲಿಗೆ ಅಂತ ಹೇಳುವುದು ಅಲ್ಲಿನ ರೂಢಿ. ಒಳಗೆ ಐದು ಜನ ಎದುರುಬದುರು ಕೂರಬಹುದು. ವೀಲ್‌ಚೇರ್ ಹತ್ತಿಸಲಿಕ್ಕೆ ಇಳಿಜಾರು ಹಲಗೆ ಎಲ್ಲ ಗಾಡಿಯಲ್ಲೂ ಇರುತ್ತದೆ. ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಹೋದವರಿಗೆ ಇದರ ಬೆಲೆ ತಿಳಿಯುತ್ತದೆ: ಮಾಮೂಲಿ ಕಾರಿನಷ್ಟು ಬಗ್ಗಬೇಕಿಲ್ಲ, ಸಲೀಸಾಗಿ ಒಳಗೆ ಹೋಗಬಹುದು. 2016ರ ಅಕ್ಟೋಬರಿನಿಂದ ಎಲ್ಲರೂ ಕಾರ್ಡ್ ತೆಗೆದುಕೊಳ್ಳಲೇಬೇಕು.

ಬಾಡಿಗೆ ಮಾತ್ರ ಹಗುರ ಅಲ್ಲ. ದೂರದ ದಾರಿಗೆ ಮಿನಿಕ್ಯಾಬ್ ಅಗ್ಗ. ಉಬರ್ ಕೂಡ ಅಲ್ಲಿ ಕಾನೂನಿನ ಪ್ರಕಾರ ಮಿನಿಕ್ಯಾಬ್ ಸಾಲಿಗೇ ಸೇರುತ್ತದೆ. ಮಿನಿಕ್ಯಾಬ್ ಮೊದಲೇ ಬುಕ್ ಆಗಿರಬೇಕು. ರಾತ್ರಿ ರಸ್ತೆ ಬದಿ ನಿಂತು "ಮಿನಿಕ್ಯಾಬ್?" ಅಂತ ಕರೆಯುವವರು ಕಾನೂನು ಮೀರುತ್ತಿದ್ದಾರೆ, ಅವರ ಗಾಡಿಗೆ ವಿಮೆಯೂ ಕೈಕೊಡಬಹುದು. ನನ್ನ ಲೆಕ್ಕ ಹೀಗೆ: ಊರ ನಡುವಿನ ಚಿಕ್ಕ ದೂರಕ್ಕೆ, ಹಿರಿಯರಿದ್ದರೆ, ನಾಲ್ಕೈದು ಜನ ಇದ್ದರೆ ಕಪ್ಪು ಕ್ಯಾಬ್. ಊರ ಹೊರಗಿನ ಮಗಳ ಮನೆಗೆ ಆ್ಯಪ್‌ನ ಗಾಡಿ. ಹೀತ್ರೊದಿಂದ ಬರೀ ಒಂದು ಚಿಕ್ಕ ಬ್ಯಾಗ್ ಇದ್ದರೆ ಎರಡೂ ಬೇಡ, 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ರೈಲು ಹತ್ತಿ.

ಟ್ಯಾಕ್ಸಿಯೇ ತಪ್ಪು ಆಯ್ಕೆ ಆಗುವ ಜಾಗಗಳು

ಜಪಾನ್ ಅಂಥದ್ದು. ನರಿಟಾ ನಿಲ್ದಾಣ ಟೋಕಿಯೊ ನಡುಭಾಗದಿಂದ 60 ಕಿಲೋಮೀಟರಿಗೂ ಹೆಚ್ಚು ದೂರ. ಟ್ಯಾಕ್ಸಿಗೆ 20,000 ಯೆನ್ ದಾಟುತ್ತದೆ. ರೈಲಿಗೆ ಅದರ ಸಣ್ಣ ಪಾಲು ಸಾಕು. ಊರೊಳಗೆ ಚಿಕ್ಕ ದೂರಕ್ಕೆ ಮಾತ್ರ ಟ್ಯಾಕ್ಸಿ ಹತ್ತಿ, ಅದರ ಅಚ್ಚುಕಟ್ಟುತನ ನೋಡಬೇಕು. ಹಿಂದಿನ ಎಡಬಾಗಿಲನ್ನು ಡ್ರೈವರೇ ಗುಂಡಿ ಒತ್ತಿ ತೆರೆಯುತ್ತಾರೆ, ಮುಚ್ಚುತ್ತಾರೆ. ನೀವು ಎಳೆಯಬೇಡಿ. ಟಿಪ್ಸ್ ಕೊಡಲೂಬೇಡಿ, ತೆಗೆದುಕೊಳ್ಳುವ ರೂಢಿ ಇಲ್ಲ.

ಉಮ್ರಾಕ್ಕೆ ಹೋಗುವವರು ಮಕ್ಕಾ-ಮದೀನಾ ನಡುವೆ ಟ್ಯಾಕ್ಸಿ ಮಾಡುವುದನ್ನು ಮರುಯೋಚಿಸಬೇಕು. ಸುಮಾರು 450 ಕಿಲೋಮೀಟರ್ ದಾರಿ ಅದು, ಹೆಚ್ಚುಕಡಿಮೆ ಬೆಳಗಾವಿಯಿಂದ ತುಮಕೂರಿನಷ್ಟು. 2018ರಿಂದ ಹರಮೈನ್ ರೈಲು ಓಡುತ್ತಿದೆ, ಗಂಟೆಗೆ 300 ಕಿಲೋಮೀಟರ್ ವೇಗದವರೆಗೆ. ಜಿದ್ದಾ ವಿಮಾನ ನಿಲ್ದಾಣದಲ್ಲೇ ಅದಕ್ಕೆ ಸ್ಟೇಷನ್ ಇದೆ. ಮಕ್ಕಾ ಸ್ಟೇಷನ್ ಹರಮ್ ಮಸೀದಿಯಿಂದ ಕೆಲವು ಕಿಲೋಮೀಟರ್ ದೂರ ಇರುವುದರಿಂದ ಅಲ್ಲಿಂದ ಒಂದು ಚಿಕ್ಕ ಟ್ಯಾಕ್ಸಿ ಬೇಕಾಗುತ್ತದೆ. ಉಬರ್, ಕರೀಮ್ ಎರಡೂ ಸಿಗುತ್ತವೆ. ಐದಾರು ಮಂದಿಯ ಕುಟುಂಬ, ಸಾಮಾನು ಬಹಳ ಅಂದರೆ ಮಾತ್ರ ಜಿದ್ದಾದಿಂದ ಮಕ್ಕಾಕ್ಕೆ ದೊಡ್ಡ ಗಾಡಿ ಮಾಡುವುದು ಸರಿ. ಅದು 80 ಕಿಲೋಮೀಟರಿನ ಆಸುಪಾಸು.

ಚೌಕಾಶಿ ನಡೆಯುವಲ್ಲಿ

ಟುಕ್‌ಟುಕ್ ಹತ್ತಬಾರದು ಅಂತ ನಾನು ಹೇಳುವುದಿಲ್ಲ. ಬ್ಯಾಂಕಾಕಿಗೆ ಹೋಗಿ ಒಮ್ಮೆಯಾದರೂ ಹತ್ತದೆ ಬಂದರೆ ಮಕ್ಕಳು ಬೇಜಾರಾಗುತ್ತಾರೆ. ಆದರೆ ಅದು ಅಗ್ಗದ ಸವಾರಿ ಅಲ್ಲ, ಅಷ್ಟೇ ದೂರಕ್ಕೆ ಎಸಿ ಮೀಟರ್ ಟ್ಯಾಕ್ಸಿ ಎಷ್ಟೋ ಸಲ ಕಡಿಮೆಗೆ ಬರುತ್ತದೆ. ಹತ್ತುವ ಮೊದಲು ಗ್ರ್ಯಾಬ್ ತೆರೆದು ಅದೇ ದಾರಿಗೆ ಎಷ್ಟು ತೋರಿಸುತ್ತದೆ ನೋಡಿ. ಬುಕ್ ಮಾಡಬೇಕಿಲ್ಲ, ಸುಮ್ನೆ ನೋಡಿ. ಸರಿ ದರ ಗೊತ್ತಾಯಿತಲ್ಲ, ಇನ್ನು ನಿಮ್ಮ ಚೌಕಾಶಿ ವಿದ್ಯೆ ಕೆಲಸಕ್ಕೆ ಬರುತ್ತದೆ. ಬಾಡಿಗೆ ಒಬ್ಬರಿಗಾ, ಎಲ್ಲರಿಗೂ ಸೇರಿಯಾ ಅಂತ ಬೆರಳು ತೋರಿಸಿ ಖಾತ್ರಿ ಮಾಡಿಕೊಳ್ಳಿ. "ಅರಮನೆ ಇವತ್ತು ಬಂದ್, ಬೇರೆ ಕಡೆ ಕರಕೊಂಡು ಹೋಗ್ತೀನಿ" ಅಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಆ ದಾರಿ ಹರಳಿನ ಅಂಗಡಿಗೋ ದರ್ಜಿ ಅಂಗಡಿಗೋ ಹೋಗಿ ಮುಟ್ಟುತ್ತದೆ.

ಇನ್‌ಡ್ರೈವ್ ಅನ್ನುವ ಆ್ಯಪ್ ಚೌಕಾಶಿಯನ್ನೇ ಫೋನಿಗೆ ತಂದಿದೆ. ನೀವು ಒಂದು ದರ ಹೇಳುತ್ತೀರಿ, ಡ್ರೈವರುಗಳು ಒಪ್ಪುತ್ತಾರೆ ಅಥವಾ ಏರಿಸಿ ಕೇಳುತ್ತಾರೆ. ಕಾಠ್ಮಂಡುವಿನಲ್ಲಿ ನಮ್ಮವರಿಗೆ ಇದು ಬೇಗ ಕೈ ಹತ್ತುತ್ತದೆ.

ವಿಯೆಟ್ನಾಂನಲ್ಲಿ ಬೇರೆ ಥರದ ಎಚ್ಚರ ಬೇಕು. ಹಸಿರು ಬಣ್ಣದ ಮಾಯ್ ಲಿನ್, ಬಿಳಿ ಬಣ್ಣದ ವಿನಾಸನ್ ಎರಡೂ ಹಳೆಯ, ನಂಬಿಕೆಯ ಮೀಟರ್ ಟ್ಯಾಕ್ಸಿಗಳು. ಅವುಗಳ ಬಣ್ಣ, ಹೆಸರನ್ನು ಹೋಲುವ ನಕಲಿಗಳೂ ಓಡಾಡುತ್ತವೆ. ಹೆಸರಿನ ಒಂದೊಂದು ಅಕ್ಷರ ನೋಡಿ ಹತ್ತಿ. ಮೀಟರಿನಲ್ಲಿ ಕೊನೆಯ ಸೊನ್ನೆಗಳನ್ನು ಬಿಟ್ಟು ತೋರಿಸುವುದು ಅಲ್ಲಿ ಸಾಮಾನ್ಯ: 85 ಅಂತ ಕಂಡರೆ 85,000 ಡಾಂಗ್. ನೋಟುಗಳ ಸೊನ್ನೆ ಎಣಿಸುವುದೇ ಕಷ್ಟ, 20,000 ಮತ್ತು 5 ಲಕ್ಷದ ನೋಟುಗಳು ಎರಡೂ ನೀಲಿ ಛಾಯೆಯವು. ಈ ಗೊಂದಲ ಬೇಡ ಅಂದರೆ ಗ್ರ್ಯಾಬ್ ಅಥವಾ 2023ರಲ್ಲಿ ಶುರುವಾದ ಕ್ಸಾನ್ ಎಸ್‌ಎಂ ಎಲೆಕ್ಟ್ರಿಕ್ ಟ್ಯಾಕ್ಸಿ ಕರೆಯಿರಿ.

ದಿನದ ಗಾಡಿ

ಬೆಳಗಾವಿಯಿಂದ ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಇನೋವಾ ಮಾಡಿದವರಿಗೆ ಈ ಲೆಕ್ಕ ಹೊಸದಲ್ಲ. ದಿನಕ್ಕೆ ಇಷ್ಟು ಕಿಲೋಮೀಟರ್, ಮೇಲೆ ಹೋದರೆ ಕಿಲೋಮೀಟರಿಗೆ ಇಷ್ಟು, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಬೇರೆ. ಪರದೇಶದಲ್ಲಿ ಹೆಚ್ಚಿನ ಕಡೆ ಲೆಕ್ಕ ಗಂಟೆಯ ಮೇಲೆ. ಬಾಲಿಯಲ್ಲಿ 8 ಅಥವಾ 10 ಗಂಟೆಗೆ ಗಾಡಿ, ಡ್ರೈವರ್, ಪೆಟ್ರೋಲ್ ಸೇರಿ ಒಂದು ಮೊತ್ತ ಹೇಳುತ್ತಾರೆ. ಗಂಟೆ ಮೀರಿದರೆ ಎಷ್ಟು, ಪಾರ್ಕಿಂಗ್ ಸೇರಿದೆಯಾ, ಇಷ್ಟನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಬಾಲಿಯಂಥ ಜಾಗದಲ್ಲಿ ನಾನು ಬಿಡಿ ಟ್ಯಾಕ್ಸಿಗಿಂತ ದಿನದ ಗಾಡಿಯನ್ನೇ ಹೇಳುತ್ತೇನೆ. ದೇವಸ್ಥಾನಗಳು ದೂರ ದೂರ. ಕೆಲವು ಹಳ್ಳಿಗಳಲ್ಲಿ, ಉಬುದ್ ಕಡೆಯಲ್ಲಿ, ಆ್ಯಪ್ ಗಾಡಿಗಳು ಅಲ್ಲಿಂದ ಜನರನ್ನು ಹತ್ತಿಸಿಕೊಳ್ಳಲಿಕ್ಕೆ ಸ್ಥಳೀಯ ಡ್ರೈವರುಗಳು ಬಿಡುವುದಿಲ್ಲ. ಹೋಗಲಿಕ್ಕೆ ಸಿಕ್ಕ ಗಾಡಿ ಬರಲಿಕ್ಕೆ ಸಿಗುವುದಿಲ್ಲ. ಅದೇ ಸಿಂಗಪುರದಲ್ಲಿ ದಿನದ ಗಾಡಿ ಸುಮ್ನೆ ಖರ್ಚು. ಮೆಟ್ರೊ ಎಲ್ಲ ಕಡೆ ಮುಟ್ಟಿಸುತ್ತದೆ, ದಣಿವಾದಾಗ ಒಂದು ಟ್ಯಾಕ್ಸಿ ಸಾಕು.

ಸೀಟು, ಡಿಕ್ಕಿ, ಬಾಗಿಲು, ಟಿಪ್ಸ್

ಕ್ರೂಸರಿನಲ್ಲಿ ಹದಿನೈದು ಮಂದಿ ಕೂತು ಮದುವೆಗೆ ಹೋದವರು ನಾವು. ಅಲ್ಲಿ ನಾಲ್ಕು ಸೀಟು ಅಂದರೆ ನಾಲ್ಕೇ. ಎಷ್ಟೋ ಕಡೆ ತೊಡೆಯ ಮೇಲಿನ ಮಗುವೂ ಒಂದು ಲೆಕ್ಕ. ಐದನೆಯವರಿದ್ದರೆ ಡ್ರೈವರ್ ಹೊರಡುವುದೇ ಇಲ್ಲ, ಬೇಡಿಕೊಂಡರೂ ಇಲ್ಲ. ಐದು ಜನಕ್ಕೆ ಎರಡು ಗಾಡಿ ಮಾಡುವ ಬದಲು ಆ್ಯಪ್‌ನಲ್ಲಿ ಆರು ಸೀಟಿನದನ್ನು ಆರಿಸಿ. ಡಿಕ್ಕಿಯಲ್ಲಿ ದೊಡ್ಡ ಬ್ಯಾಗ್ ಎರಡು, ಹೆಚ್ಚೆಂದರೆ ಮೂರು ಹಿಡಿಯುತ್ತವೆ. ಮೇಲೆ ಕಟ್ಟುವ ಪದ್ಧತಿ ಇಲ್ಲ. ನಾಲ್ಕು ಜನ, ನಾಲ್ಕು ದೊಡ್ಡ ಬ್ಯಾಗ್ ಇದ್ದರೂ ದೊಡ್ಡ ಗಾಡಿಯೇ ಬೇಕು.

ಹಿಂದಿನ ಸೀಟಿನಲ್ಲೂ ಬೆಲ್ಟ್ ಕಟ್ಟಬೇಕು. ಮಕ್ಕಳಿದ್ದರೆ ಸಿಂಗಪುರದ ಒಂದು ನಿಯಮ ನೆನಪಿಡಿ. 1.35 ಮೀಟರಿಗಿಂತ ಕಡಿಮೆ ಎತ್ತರದ ಮಗುವಿಗೆ ಪ್ರತ್ಯೇಕ ಸೀಟೋ ಬೂಸ್ಟರೋ ಬೇಕು. ಟ್ಯಾಕ್ಸಿಗೆ ಈ ನಿಯಮದಿಂದ ವಿನಾಯಿತಿ ಇದೆ, ಆ್ಯಪ್‌ನ ಖಾಸಗಿ ಗಾಡಿಗೆ ಇಲ್ಲ. ಚಿಕ್ಕ ಮಗು ಕರೆದುಕೊಂಡು ಮಾಮೂಲಿ ಗ್ರ್ಯಾಬ್ ಕಾರ್ ಕರೆದರೆ ಡ್ರೈವರ್ ಬಿಟ್ಟು ಹೋಗಬಹುದು. ಹಾಗಾಗಿ ಅಲ್ಲಿ ಮಗು ಇದ್ದರೆ ಟ್ಯಾಕ್ಸಿ.

ಬಾಗಿಲಿನ ಮಾತು ಚಿಕ್ಕದು, ಆದರೆ ಜೀವದ ಪ್ರಶ್ನೆ. ನಮ್ಮಲ್ಲಿ ಎಡಗಡೆ ಇಳಿದರೆ ಫುಟ್‌ಪಾತ್. ಅಮೆರಿಕ, ಯುರೋಪಿನ ಹೆಚ್ಚಿನ ದೇಶಗಳು, ದುಬೈ, ಸೌದಿ, ವಿಯೆಟ್ನಾಂನಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಅಲ್ಲಿ ಅಭ್ಯಾಸಬಲದಿಂದ ಎಡಬಾಗಿಲು ತೆರೆದರೆ ನೇರ ಟ್ರಾಫಿಕ್ಕಿಗೆ. ಹಿರಿಯರನ್ನು ಬಲಗಡೆ ಕೂರಿಸಿ, ಬಲಗಡೆಯೇ ಇಳಿಸಿ. ಥಾಯ್ಲೆಂಡ್, ಸಿಂಗಪುರ, ಜಪಾನ್, ಬ್ರಿಟನ್, ನೇಪಾಳದಲ್ಲಿ ನಮ್ಮ ಹಾಗೆಯೇ.

ಟಿಪ್ಸ್ ವಿಷಯದಲ್ಲಿ ಅಮೆರಿಕ ಎಲ್ಲಕ್ಕಿಂತ ಕಟ್ಟುನಿಟ್ಟು. ಬಾಡಿಗೆಯ ಶೇಕಡಾ 15ರಿಂದ 20 ಕೊಡುವುದು ಅಲ್ಲಿನ ರೂಢಿ, ಹಳದಿ ಟ್ಯಾಕ್ಸಿಯ ಹಿಂದಿನ ಪರದೆಯೇ ಕೇಳುತ್ತದೆ. ಅದನ್ನು ಬಾಡಿಗೆಯ ಭಾಗ ಅಂತಲೇ ಲೆಕ್ಕ ಹಿಡಿಯಿರಿ. ಲಂಡನ್, ದುಬೈನಲ್ಲಿ ಚಿಲ್ಲರೆ ಬಿಟ್ಟರೆ ಸಾಕು.

ಯಾವ ಗಾಡಿ ಹತ್ತಿದರೂ ಹತ್ತುವ ಮುನ್ನ ನಂಬರ್ ಪ್ಲೇಟಿನ ಒಂದು ಫೋಟೊ ತೆಗೆದು ಮನೆಯ ಗುಂಪಿಗೆ ಹಾಕಿ. ಹೋಟೆಲಿನ ಕಾರ್ಡನ್ನು, ಅಲ್ಲಿನ ಲಿಪಿಯಲ್ಲಿ ವಿಳಾಸ ಇರುವುದನ್ನು, ಪ್ರತಿಯೊಬ್ಬರ ಜೇಬಿಗೂ ಒಂದೊಂದು ಇಡಿ. ಫೋನ್ ಸತ್ತರೆ ಅದನ್ನು ತೋರಿಸಿದರೆ ಸಾಕು. ಇಳಿಯುವಾಗ ರಸೀದಿ ಕೇಳಿ ಪಡೆಯಿರಿ. ಥಾಯ್ಲೆಂಡಿನಲ್ಲಿ ತೊಂದರೆ ಆದರೆ ಪ್ರವಾಸಿ ಪೊಲೀಸರ ನಂಬರ್ 1155, ಬ್ರಿಟನ್ ಮತ್ತು ದುಬೈಯಲ್ಲಿ ಪೊಲೀಸರಿಗೆ 999, ಅಮೆರಿಕದಲ್ಲಿ 911. ಹೊರಡುವ ಹಿಂದಿನ ದಿನ ಇವನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಹಿರಿಯರ ಕೈಚೀಲದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಇಟ್ಟುಬಿಡಿ.